ಅದೇ ತಳಿಯ ಮರಿ ಅರ್ಧ ಬೆಲೆಗೆ ಹೇಗೆ ಸಿಗುತ್ತದೆ?

ಪ್ರಶ್ನೆ: ನಾವು ಲ್ಯಾಬ್ರಡಾರ್ ಮರಿಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಒಬ್ಬ ಬ್ರೀಡರ್ ಹೇಳಿದ ಬೆಲೆಯ ಅರ್ಧಕ್ಕೇ ಇನ್ನೊಬ್ಬರು ಮರಿಯನ್ನು ಮನೆ ಬಾಗಿಲಿಗೆ ತಂದುಕೊಡುತ್ತೇವೆ ಎನ್ನುತ್ತಿದ್ದಾರೆ. ತಳಿ ಒಂದೇ ಆಗಿರುವಾಗ ಇಷ್ಟೊಂದು ವ್ಯತ್ಯಾಸವೇಕೆ?

ಉತ್ತರ: ಮರಿಯನ್ನೇ ತಿರುಗಿಸಿ ಮುರುಗಿಸಿ ನೋಡಿದರೆ ಈ ವ್ಯತ್ಯಾಸ ತಿಳಿಯುವುದು ಕಷ್ಟ, ಅದರ ತಾಯಿಯನ್ನು ಹೇಗೆ ಸಾಕಿದ್ದಾರೆ ಎಂದು ನೋಡಿದರೆ ಬೆಲೆಯ ಲೆಕ್ಕ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ 2 ಬಾರಿ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಕಾಳಜಿಯುಳ್ಳ ಬ್ರೀಡರ್ ಅದಕ್ಕೆ ಸುಮಾರು 2 ವರ್ಷ ತುಂಬುವವರೆಗೆ ಕಾದು, ಲ್ಯಾಬ್ರಡಾರ್‌ನಂಥ ತಳಿಯಾದರೆ ಸೊಂಟದ ಮತ್ತು ಮೊಣಕೈಯ ಕೀಲುಗಳ ಎಕ್ಸ್‌ರೇ ತೆಗೆಸಿ, ಕಣ್ಣಿನ ಪರೀಕ್ಷೆ ಮಾಡಿಸಿದ ಮೇಲಷ್ಟೇ ಗಂಡಿನೊಂದಿಗೆ ಕೂಡಿಸುತ್ತಾರೆ, ಒಂದು ಸೂಲಿಗೂ ಮತ್ತೊಂದಕ್ಕೂ ನಡುವೆ ಮೈ ಚೇತರಿಸಿಕೊಳ್ಳುವಷ್ಟು ಬಿಡುವು ಕೊಡುತ್ತಾರೆ. ಮರಿಗಳ ಕಾರ್ಖಾನೆಯಂತೆ ನಡೆಯುವ ಕೇಂದ್ರಗಳಲ್ಲಿ ಈ ಕಾಯುವಿಕೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಮೊದಲ ಬೆದೆಯಿಂದಲೇ ಶುರುವಾಗಿ ಪ್ರತಿ ಬೆದೆಗೂ ಗರ್ಭ ಕಟ್ಟಿಸುವುದು, ಒಂದರ ಮೇಲೊಂದು ಪೇರಿಸಿದ ಪಂಜರಗಳಲ್ಲಿ ಇಡುವುದು, ಕಾಲೂರಲು ತಂತಿ ಬಲೆಯಷ್ಟೇ ಇರುವುದು, ಮರಿಗಳ ಸಂಖ್ಯೆ ಇಳಿದ ದಿನ ತಾಯಿಯನ್ನೇ ಹೊರಹಾಕುವುದು ಅಲ್ಲಿನ ಕ್ರಮ. ಅರ್ಧ ಬೆಲೆ ಹುಟ್ಟುವುದು ಹೀಗೆ.

ವೇಲ್ಸ್‌ನ ಇಂಥದೊಂದು ಕೇಂದ್ರದಿಂದ 2013ರಲ್ಲಿ ಬಿಡಿಸಿ ತಂದ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್ ತಳಿಯ ಲೂಸಿ ಎಂಬ ನಾಯಿಯ ಬೆನ್ನುಮೂಳೆ, ಇಕ್ಕಟ್ಟಾದ ಪಂಜರದಲ್ಲಿ ವರ್ಷಗಟ್ಟಲೆ ಕಳೆದದ್ದರಿಂದ, ಬಾಗಿಹೋಗಿತ್ತು. ಅದರ ಹೆಸರಿನಲ್ಲೇ ಇಂಗ್ಲೆಂಡ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮವು 6 ತಿಂಗಳೊಳಗಿನ ನಾಯಿಮರಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವುದನ್ನು ನಿಷೇಧಿಸಿತು.

ಇನ್ನು ನಿಮ್ಮ ಜೇಬಿನ ವಿಚಾರ. ಇಂಥ ಕಡೆಯ ಮರಿಗಳು 4-5 ವಾರಕ್ಕೇ ತಾಯಿಯಿಂದ ಅಗಲುತ್ತವೆ, ಏಕೆಂದರೆ ಆ ವಯಸ್ಸಿನಲ್ಲಿ ಅವು ತುಂಬಾ ಮುದ್ದಾಗಿರುತ್ತವೆ. ಆದರೆ ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆಗಿನ ಆಟದಲ್ಲಿ. ಆದ್ದರಿಂದಲೇ ಕನಿಷ್ಠ 8 ವಾರ ಅವು ಒಟ್ಟಿಗಿರಬೇಕೆನ್ನುವುದು. ಗುಂಡಗೆ ಉಬ್ಬಿದ ಹೊಟ್ಟೆಯನ್ನು ನೋಡಿ ‘ಚೆನ್ನಾಗಿ ಹಾಲು ಕುಡಿದಿದೆ’ ಎಂದುಕೊಳ್ಳುತ್ತೇವೆ, ಒಳಗೆ ತುಂಬಿರುವುದು ಎಷ್ಟೋ ಸಲ ತಾಯಿಯ ಗರ್ಭದಲ್ಲಿರುವಾಗಲೇ ಅಂಟಿಕೊಂಡ ಜಂತುಹುಳು. ಇದಾದರೂ ಔಷಧಕ್ಕೆ ಬಗ್ಗುತ್ತದೆ. ಮರಿಗಳ ಕರುಳಿಗೆ ತಗಲುವ ಪಾರ್ವೊ ಎಂಬ ವೈರಸ್ ರೋಗ ಹಾಗಲ್ಲ. ಸೋಂಕು ತಗುಲಿದ ಮರಿ ಕೆಲವು ದಿನ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ, ಹಣ ಕೊಟ್ಟು ಮನೆಗೆ ತಂದ ವಾರದೊಳಗೆ ವಾಂತಿ, ರಕ್ತಭೇದಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಕಳೆಯುವ ದಿನಗಳ ಖರ್ಚು ನೀವು ಉಳಿಸಿದೆವೆಂದುಕೊಂಡ ಹಣವನ್ನು ಸುಲಭವಾಗಿ ಮೀರಬಲ್ಲದು.

ಹಾಗೆಂದು ದುಬಾರಿ ಮರಿಯೆಲ್ಲ ಒಳ್ಳೆಯ ಮರಿಯೆಂದೇನೂ ಅಲ್ಲ. ‘ಅಪರೂಪದ ಬಣ್ಣ’ವೆಂದು ದುಪ್ಪಟ್ಟು ಕೇಳುವವರ ಬಗ್ಗೆ ನನಗೆ ಅರ್ಧ ಬೆಲೆಯವರಿಗಿಂತ ಹೆಚ್ಚಿನ ಅನುಮಾನವಿದೆ: ಮಚ್ಚೆ ಮಚ್ಚೆಯಾಗಿ ಬಣ್ಣ ತಿಳಿಯಾಗುವ ಮರ್ಲ್ ಗುಣ ತಂದೆತಾಯಿ ಇಬ್ಬರಲ್ಲೂ ಇದ್ದರೆ, ಆ ಜೀನ್ ಎರಡೂ ಕಡೆಯಿಂದ ಬಂದ ಮರಿಗಳು ಕುರುಡಾಗಿಯೋ ಕಿವುಡಾಗಿಯೋ ಹುಟ್ಟುವ ಸಂಭವ ಬಹಳ. ವಂಶಾವಳಿಯ ಪತ್ರವೂ ಅಷ್ಟೇ. ಅದು ತಂದೆತಾಯಿಯ ಹೆಸರು ಹೇಳುತ್ತದೆ, ಆರೋಗ್ಯದ ವಿಷಯ ಹೇಳುವುದಿಲ್ಲ.

ಆದ್ದರಿಂದ ಮನೆ ಬಾಗಿಲಿಗೆ ತರಿಸಿಕೊಳ್ಳಬೇಡಿ, ಮರಿ ಹುಟ್ಟಿದ ಜಾಗಕ್ಕೇ ಹೋಗಿ. ‘ತಾಯಿ ಬೇರೆಯವರ ಹತ್ತಿರ ಇದೆ’ ಎಂದರೆ ಅಲ್ಲಿಂದಲೇ ಹಿಂದಿರುಗಬಹುದು. ಕೆಲವರು ಬೇರೊಂದು ಹೆಣ್ಣು ನಾಯಿಯನ್ನು ತಾಯಿಯೆಂದು ತೋರಿಸುತ್ತಾರೆ. ಹಾಲೂಡಿಸುತ್ತಿರುವ ನಾಯಿಯ ಮೊಲೆಗಳು ಜೋತು, ತೊಟ್ಟುಗಳು ಎದ್ದು ಕಾಣುತ್ತವೆ, ಬಳಿಗೆ ಬಿಟ್ಟೊಡನೆ ಮರಿಗಳು ಅತ್ತಲೇ ನುಗ್ಗುತ್ತವೆ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಲೇಬಲ್ ಅಂಟಿಸಿ ಪಶುವೈದ್ಯರು ಸಹಿ, ದಿನಾಂಕ ಹಾಕಿದ್ದಾರೆಯೇ ನೋಡಿ.

ಅಲ್ಲಿ ಕಂಡ ಸ್ಥಿತಿಗೆ ಮರುಗಿ, ಒಂದನ್ನಾದರೂ ಪಾರುಮಾಡೋಣವೆಂದು ಹಣ ಕೊಟ್ಟು ತರುವವರೂ ಇದ್ದಾರೆ. ಮಾರಿದವರ ಲೆಕ್ಕದಲ್ಲಿ ಅದೂ ಒಂದು ಮಾರಾಟವೇ. ಖಾಲಿಯಾದ ಪಂಜರಕ್ಕೆ ಮುಂದಿನ ಸೂಲಿನ ಮರಿ ಬರುತ್ತದೆ. ಕಂಡದ್ದನ್ನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಗೆ ಫೋಟೊ ಸಮೇತ ಬರೆದು ತಿಳಿಸಿದರೆ ಆ ತಾಯಿಗೂ ಬಿಡುಗಡೆ ಸಿಗುವ ದಾರಿಯುಂಟು.