ತರಗತಿಯ ಚಾವಣಿಗೂ ಮಗುವಿನ ಉಕ್ತಲೇಖನಕ್ಕೂ ಇರುವ ನಂಟು

"ಮೇಡಂ, ಮನೇಲಿ ಪಿಸುಮಾತೂ ಕೇಳಿಸುತ್ತೆ ಇವನಿಗೆ. ಕ್ಲಾಸಲ್ಲಿ ಮಾತ್ರ ಕೇಳಿಸ್ಕೊಳ್ಳೋದೇ ಇಲ್ಲ ಅಂತ ಮಿಸ್ ಕಂಪ್ಲೇಂಟು." ಶ್ರವಣ ಪರೀಕ್ಷೆಗೆ ಮಕ್ಕಳನ್ನು ಕರೆತರುವ ತಾಯಂದಿರಿಂದ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. ಆಡಿಯೋಗ್ರಾಂ ತೆಗೆದರೆ ಎಷ್ಟೋ ಸಲ ಎರಡೂ ಕಿವಿ ಸರಿಯಾಗಿಯೇ ಇರುತ್ತವೆ. ಆಗ ಉಕ್ತಲೇಖನದ ಪುಸ್ತಕ ತರಿಸುತ್ತೇನೆ. 'ಕತ್ತೆ' ಇರಬೇಕಾದ ಕಡೆ 'ಕತೆ', 'ಹಾಳು' ಇರಬೇಕಾದ ಕಡೆ 'ಹಾಲು'. ಇಂಥ ತಪ್ಪುಗಳಿಗೆ ಕಾರಣ ಹಲವಿರಬಹುದು. ಮಗುವಿನ ಗಮನ, ಮನೆಯ ಪಾಠ, ಟೀಚರ ಉಚ್ಚಾರ ಎಲ್ಲದರ ಮೇಲೂ ಅನುಮಾನ ಬರುತ್ತದೆ, ಕೊಠಡಿಯ ಮೇಲೆ ಮಾತ್ರ ಯಾರಿಗೂ ಬರುವುದಿಲ್ಲ.

ಮಾತಿನಲ್ಲಿ ಸ್ವರಗಳಿಗೆ ಬಲ ಜಾಸ್ತಿ, ವ್ಯಂಜನಗಳಿಗೆ ಕಡಿಮೆ. ಸಿಮೆಂಟ್ ಗೋಡೆ, ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ ಇರುವ ಕೋಣೆಯಲ್ಲಿ ಬಾಯಿಂದ ಹೊರಟ ಸ್ವರ ಅಲ್ಲಿಂದಿಲ್ಲಿಗೆ ಬಡಿದು ಗುಂಯ್‌ಗುಡುತ್ತಾ ಉಳಿಯುತ್ತದೆ. ಹಿಂದೆಯೇ ಬರುವ ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. 'ಕತ್ತೆ'ಯ ಒತ್ತು ತಿಳಿಯುವುದು ನಾಲಿಗೆ ಉಸಿರನ್ನು ತಡೆಹಿಡಿಯುವ ಆ ಚಿಕ್ಕ ಮೌನದಿಂದ. ಗುಂಯ್‌ಗುಡುವ ಕೋಣೆಯಲ್ಲಿ 'ಕ'ದ ಅಕಾರ ಆ ಮೌನವನ್ನು ತುಂಬಿಬಿಡುತ್ತದೆ. ದೊಡ್ಡವರಾದ ನಾವು ಸಂದರ್ಭ ನೋಡಿ ಊಹಿಸಿಕೊಳ್ಳುತ್ತೇವೆ. ಆ ಪದವನ್ನು ಮೊದಲ ಸಲ ಕೇಳುತ್ತಿರುವ ಏಳು ವರ್ಷದ ಮಗು ಏನೆಂದು ಊಹಿಸೀತು? ಮನೆಮಾತು ಬೇರೆಯಾಗಿದ್ದು ಇಂಗ್ಲಿಷ್ ಮೀಡಿಯಂ ಸೇರಿದ ಮಕ್ಕಳ ಕಷ್ಟ ಇನ್ನೂ ಹೆಚ್ಚು. ನೆಗಡಿಯಿಂದ ಕಿವಿ ಕಟ್ಟಿದ ಮಕ್ಕಳದ್ದೂ ಅಷ್ಟೇ.

ಇದನ್ನು ಅಳೆಯಬಹುದು. ಸದ್ದು ನಿಂತ ಮೇಲೆ ಅದು 60 ಡೆಸಿಬೆಲ್ ತಗ್ಗಲು ಹಿಡಿಯುವ ಹೊತ್ತೇ ಅನುರಣನ ಕಾಲ. ಈ ಲೆಕ್ಕ ಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೇಸ್ ಸ್ಯಾಬಿನ್. ಮಾತೇ ಅರ್ಥವಾಗದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ತಂದಿಟ್ಟು, ಎಷ್ಟು ದಿಂಬಿಗೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆಯುತ್ತಾ ಹೋದರು. ಕೋಣೆಯ ಗಾತ್ರ, ಅದು ಹೀರುವ ಸದ್ದು ಎರಡರಿಂದ ಅನುರಣನ ಕಾಲವನ್ನು ಹೇಳುವ ಅವರ ಸೂತ್ರ ಇಂದಿಗೂ ಸಾಕು.

ನಮ್ಮ ಮಾಮೂಲಿ ಕೊಠಡಿಗೇ ಅದನ್ನು ಹಾಕಿ ನೋಡೋಣ. 24 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರ. ಗಾರೆ, ಕಾಂಕ್ರೀಟು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ಹೀರುವುದು ನೂರಕ್ಕೆ ಎರಡು ಪಾಲು ಅಷ್ಟೇ. ಬಾಗಿಲು, ಕಿಟಕಿ ತೆರೆದಿದ್ದರೂ ಖಾಲಿ ಕೋಣೆಯ ಅನುರಣನ ಕಾಲ ಎರಡೂವರೆ ಸೆಕೆಂಡ್ ದಾಟುತ್ತದೆ. 40 ಮಕ್ಕಳು ಕೂತರೆ ಅವರ ಮೈ, ಬಟ್ಟೆ ಒಂದಿಷ್ಟು ಹೀರಿ ಅದು 1.15 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ರಸ್ತೆ ಗಲಾಟೆಗೆಂದು ಕಿಟಕಿ ಮುಚ್ಚಿದಿರೋ, ಮತ್ತೆ ಒಂದೂವರೆ ಸೆಕೆಂಡ್. ಅಮೆರಿಕದ ಮಾನದಂಡದಲ್ಲಿ ಇಷ್ಟು ದೊಡ್ಡ ತರಗತಿಗೆ, ಅದೂ ಮಕ್ಕಳಿಲ್ಲದಾಗ, ಇರುವ ಮಿತಿ 0.6 ಸೆಕೆಂಡ್, ಪಾಠವಿಲ್ಲದಾಗಿನ ಹಿನ್ನೆಲೆ ಸದ್ದಿಗೆ 35 ಡೆಸಿಬೆಲ್.

ಕಡೇಪಕ್ಷ ಮಕ್ಕಳು ಕೂತಿರುವಾಗಲಾದರೂ, ಕಿಟಕಿ ತೆರೆದಿಟ್ಟೇ ಆ 0.6ಕ್ಕೆ ಇಳಿಯಲು ಏನು ಬೇಕು? ಸದ್ದಿನ ಮುಕ್ಕಾಲು ಪಾಲು ಹೀರುವ ಹಲಗೆ ಸುಮಾರು 275 ಚದರಡಿ, ಅಂದರೆ ಚಾವಣಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾನು ಸಲಹೆ ಕೊಡುವುದು ಎರಡಿಂಚು ದಪ್ಪದ ರಾಕ್‌ವುಲ್, ಅಂದರೆ ಕಲ್ಲನ್ನು ಕರಗಿಸಿ ಎಳೆದ ನಾರಿನ ಹಲಗೆ. ಮರದ ಚೌಕಟ್ಟಿಗೆ ಕೂರಿಸಿ, ಗಾಳಿಯಾಡುವ ಬಟ್ಟೆ ಸುತ್ತಿ, ಫ್ಯಾನುಗಳ ನಡುವೆ ಚಾವಣಿಯಿಂದ ಕೆಲವು ಇಂಚು ಕೆಳಗೆ ತೂಗುಹಾಕಬೇಕು. ಆ ಸಂದು ಬಿಡದಿದ್ದರೆ ದಪ್ಪ ದನಿಯ ಸದ್ದು ಅಷ್ಟಾಗಿ ಹೀರಲ್ಪಡದು. ಮರದ ನಾರು ಮತ್ತು ಸಿಮೆಂಟಿನ ಹಲಗೆಯೂ ಆದೀತು. ಪೂರ್ತಿ ಹಾಕಿಸಲು ಹಣ ಸಾಲದಿದ್ದರೆ ಹಿಂಬದಿಯ ಗೋಡೆಯಿಂದ ಶುರುಮಾಡಿ. ಅದನ್ನೇ ಬಟ್ಟೆ ಹೊದಿಸಿದ ಪ್ರದರ್ಶನ ಫಲಕ ಮಾಡಿದರೆ ಮಕ್ಕಳ ಚಿತ್ರ ಅಂಟಿಸಲೂ ಜಾಗವಾಯಿತು.

ಮೊಟ್ಟೆ ಟ್ರೇ ಹೊಡೆಸುವವರಿದ್ದಾರೆ, ದಯವಿಟ್ಟು ಬೇಡ. ಅದು ಹೀರುವುದು ಬರೀ ತೀಕ್ಷ್ಣ ಸದ್ದನ್ನು, ಜೊತೆಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಥರ್ಮೋಕೋಲ್‌ನಿಂದ ಸದ್ದು ಹೀರುವ ಕೆಲಸ ಆಗುವುದಿಲ್ಲ. ಇನ್ನು ದಾನಿಗಳು ಪ್ರೀತಿಯಿಂದ ಕೊಡಿಸುವ ಮೈಕು, ಸ್ಪೀಕರು: ಗುಂಯ್‌ಗುಡುವ ಕೋಣೆಗೆ ಅದನ್ನು ತಂದಿಟ್ಟರೆ ಮಾತಿನ ಜೊತೆ ಗುಂಯ್ ಸದ್ದೂ ಅಷ್ಟೇ ದೊಡ್ಡದಾಗುತ್ತದೆ.

ನಲಿ-ಕಲಿ ಕೊಠಡಿಗಳ ಬಗ್ಗೆ ನನಗೆ ಹೆಚ್ಚಿನ ಕಾಳಜಿಯಿದೆ. ಅಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು ಮಾತಾಡುತ್ತಲೇ ಕಲಿಯಬೇಕು, ಆ ಪದ್ಧತಿಯ ಜೀವವೇ ಮಾತು. ಆದರೆ ಸದ್ದು ಅಡಗದ ಕೋಣೆಯಲ್ಲಿ ಒಂದು ಗುಂಪಿನ ದನಿ ಇನ್ನೊಂದಕ್ಕೆ ಅಡ್ಡಬರುತ್ತದೆ. ಆ ಗುಂಪು ದನಿ ಏರಿಸುತ್ತದೆ, ಅದಕ್ಕೆ ಮೊದಲಿನದ್ದು ಇನ್ನೂ ಏರಿಸುತ್ತದೆ, ಕೊನೆಗೆ ಟೀಚರ್ ಎಲ್ಲರಿಗಿಂತ ಮೇಲೆ ಕೂಗಬೇಕು. ಗಂಟಲು ಕೆಟ್ಟು ನಮ್ಮಲ್ಲಿಗೆ ಬರುವ ಶಿಕ್ಷಕಿಯರಿಗೆ ದನಿಗೆ ವಿಶ್ರಾಂತಿ ಕೊಡಿ ಅನ್ನುತ್ತೇವೆ. ಮರುದಿನ ಅದೇ ಕೋಣೆಗೆ ಹೋಗುವವರು ಎಲ್ಲಿಂದ ಕೊಟ್ಟಾರು?

ಹೊರಗಿನ ಸದ್ದಿಗೆ ಕಾನೂನಿದೆ. 2000ದ ಶಬ್ದ ಮಾಲಿನ್ಯ ನಿಯಮಗಳಡಿ ಶಾಲೆಯ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಮಾಡಬಹುದು, ಹಗಲಿನ ಮಿತಿ 50 ಡೆಸಿಬೆಲ್. ಹೊರಗಿನ ಸದ್ದಿಗೆ ಮಕ್ಕಳು ತೆರುವ ಬೆಲೆ ಗೊತ್ತಾಗಿದ್ದು ನ್ಯೂಯಾರ್ಕಿನ ಒಂದು ಶಾಲೆಯಲ್ಲಿ. ಎತ್ತರದ ರೈಲು ಹಳಿಯ ಪಕ್ಕದ ಕೊಠಡಿಗಳ ಮಕ್ಕಳು ಓದಿನಲ್ಲಿ ಆಚೆ ಬದಿಯ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಆರನೇ ತರಗತಿಯ ಹೊತ್ತಿಗೆ ಅಂತರ ಸುಮಾರು ಒಂದು ವರ್ಷದಷ್ಟಿತ್ತು. ಮನಶ್ಶಾಸ್ತ್ರಜ್ಞೆ ಅರ್ಲೀನ್ ಬ್ರಾನ್‌ಜಾಫ್ಟ್ ಅವರ ಈ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಹಳಿಗೆ ರಬ್ಬರ್ ಪಟ್ಟಿ, ಕೊಠಡಿಗಳಿಗೆ ಸದ್ದು ಹೀರುವ ಚಾವಣಿ ಹಾಕಿದ ಮೇಲೆ ಅವರೇ ಮತ್ತೆ ನೋಡಿದಾಗ ಎರಡೂ ಬದಿಯ ಮಕ್ಕಳು ಸಮವಾಗಿ ಓದುತ್ತಿದ್ದರು.

ನಿಮ್ಮ ಶಾಲೆಯ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಮುಂದಿನ ಸಭೆಗೆ ಮುಂಚೆ ಖಾಲಿ ಕೊಠಡಿಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಬಾಲ ಎಳೆದುಕೊಂಡು ಹೋಯಿತೆಂದರೆ ಕಡೆಯ ಬೆಂಚಿನಲ್ಲಿ ಕೂತು, ಇನ್ನೊಬ್ಬರು ಬೋರ್ಡಿನ ಬಳಿಯಿಂದ ಹೇಳುವ ಹತ್ತು ಪದ ಬರೆದುಕೊಳ್ಳಿ: ಬಲೆ, ಬಳೆ, ಕತೆ, ಕತ್ತೆ, ಹೀಗೆ. ಪದಗಳ ಕ್ರಮ ನಿಮಗೆ ಮೊದಲೇ ಗೊತ್ತಿರಬಾರದು, ಹೇಳುವವರ ತುಟಿಯನ್ನೂ ನೋಡಬಾರದು. ನೀವು ಬರೆದ ಆ ಹಾಳೆಯನ್ನೇ ಸಭೆಯಲ್ಲಿ ಮುಂದಿಟ್ಟು ಹಲಗೆಗಳಿಗೆ ಹಣ ಕೇಳಿ.