‘ಕು’, ‘ಕೋ’, ‘ಕ್ಕೆ’ ಮತ್ತು ಅರ್ಥವಿಲ್ಲದ ಒಂದು ‘ದ’

ಬೆಂಗಳೂರಿನಲ್ಲಿ ಭಾಷೆಯ ಮಾತು ಬಂದರೆ ಸಾಕು, ಯಾರಾದರೊಬ್ಬರು ಭಾಷೆಗಳ ಹೋಲಿಕೆಯ ಪಟ್ಟಿ ಬಿಚ್ಚುತ್ತಾರೆ. ತೆಲುಗಿನ ‘ಕು’, ಹಿಂದಿಯ ‘ಕೋ’, ನಮ್ಮ ‘ಕ್ಕೆ’, ಮೂರಕ್ಕೂ ಬೇರು ಒಂದೇ ಅಂತೆ. ಟರ್ಕಿಶ್‌ನಲ್ಲಿ ‘ಎವ್-ಲೆರ್-ದೆ’, ನಮ್ಮಲ್ಲಿ ‘ಮನೆ-ಗಳ್-ಅಲ್ಲಿ’, ಹಾಗಾಗಿ ಎರಡೂ ದಾಯಾದಿಗಳಂತೆ.

ಎರಡನೆಯದನ್ನು ಬೇಗ ಮುಗಿಸಬಹುದು. ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವುದು ಪದ ಕಟ್ಟುವ ಒಂದು ರೀತಿ, ಅಷ್ಟೇ. ಫಿನ್ನಿಶ್, ಜಪಾನಿ, ದಕ್ಷಿಣ ಅಮೆರಿಕದ ಕೆಚುವಾ ಕೂಡ ಹಾಗೇ ಕಟ್ಟುತ್ತವೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ದ್ರಾವಿಡವನ್ನು ಟರ್ಕಿಶ್, ಫಿನ್ನಿಶ್‌ಗಳಂಥವನ್ನು ಸೇರಿಸಿದ ‘ಸಿಥಿಯನ್’ ಗುಂಪಿನ ಹತ್ತಿರ ತರಲು ನೋಡಿದರು, ಅದು ನಿಲ್ಲಲಿಲ್ಲ. ಭಾಷಾವಿಜ್ಞಾನಿ ಮ್ಯಾಕಾಲ್ಪಿನ್ ಮಂಡಿಸಿದ, ಪ್ರಾಚೀನ ಇರಾನಿನ ಎಲಮೈಟ್ ಭಾಷೆಯ ಜೊತೆಗಿನ ನಂಟಿಗೂ ಸರ್ವಸಮ್ಮತಿ ಸಿಕ್ಕಿಲ್ಲ.

ತೊಂದರೆ ಕೊಡುವುದು ‘ಕೋ’. ಒಂದು ಭಾಷೆಯ ಹತ್ತು ಪ್ರತ್ಯಯಗಳನ್ನು ಇನ್ನೊಂದರ ಹತ್ತರ ಪಕ್ಕ ಇಟ್ಟರೆ 100 ಜೋಡಿ. ಪ್ರತ್ಯಯಗಳಲ್ಲಿ ಬರುವ ವ್ಯಂಜನಗಳೂ ಹತ್ತೇ ಎಂದುಕೊಂಡರೆ, ಸುಮಾರು ಹತ್ತು ಜೋಡಿ ಸುಮ್ಮನೆ ಹೊಂದುತ್ತವೆ. ಅರ್ಥವನ್ನೂ ಸ್ವಲ್ಪ ಎಳೆದರಂತೂ ಕೇಳುವುದೇ ಬೇಡ. ಹಿಂದಿಯ ‘ಕೋ’ ಸಂಸ್ಕೃತದ ‘ಕಕ್ಷ’ (ಪಕ್ಕ, ಬದಿ) ಎಂಬುದರಿಂದ ಸವೆದು ಬಂದದ್ದೆಂಬುದು ಹೆಚ್ಚು ಪ್ರಚಲಿತ ವಿವರಣೆ. ಇನ್ನು ಪ್ರತ್ಯಯ ಸಾಲ ತರುವುದಿಲ್ಲವೆಂದೂ ಹೇಳುವಂತಿಲ್ಲ: ಚಿಕ್ಕಪೇಟೆಯ ‘ಪಾಲುದಾರ’ರಲ್ಲಿ ‘ಪಾಲು’ ನಮ್ಮದು, ‘ದಾರ’ ಪಾರಸಿಯದು.

ನಂಟು ಹುಡುಕುವವರು ಅಂದವಾದ ಹೋಲಿಕೆ ಬಿಟ್ಟು, ವಿನಾಕಾರಣದ ವಕ್ರತೆ ಹುಡುಕಬೇಕು. ‘ಮನೆಯಲ್ಲಿ’, ‘ಊರಿನಲ್ಲಿ’ ಎನ್ನುವ ನಾವು ‘ಕೊಳದಲ್ಲಿ’, ‘ನೆಲದಲ್ಲಿ’ ಎನ್ನುತ್ತೇವೆ. ನಡುವಿನ ‘ದ’ಕ್ಕೆ ಅರ್ಥವೇ ಇಲ್ಲ. ಈಗ ತಮಿಳು ನೋಡಿ: ಕುಳಮ್–ಕುಳತ್ತಿಲ್, ನಿಲಮ್–ನಿಲತ್ತಿಲ್. ಮಲಯಾಳದಲ್ಲೂ ‘ಕುಳತ್ತಿಲ್’. ನಮ್ಮ ‘ದ’ ಇರುವಲ್ಲಿ ಅಲ್ಲಿ ‘ತ್ತ’. ಹಳಗನ್ನಡದ ‘ಮರಂ–ಮರದೊಳ್’ ಇಟ್ಟರೆ ತಮಿಳಿನ ‘ಮ್’ಗೆ ನಮ್ಮ ಅನುಸ್ವಾರವೂ ಹೊಂದುತ್ತದೆ. ಅದೇ ಬಗೆಯ ನಾಮಪದಕ್ಕೆ, ಅದೇ ಜಾಗದಲ್ಲಿ, ಅರ್ಥವಿಲ್ಲದ ಅದೇ ತುಣುಕು. ಜೊತೆಗೆ ಕೊಳ–ಕುಳಮ್, ನೆಲ–ನಿಲಮ್ ಜೋಡಿಗಳಲ್ಲಿ ನಮ್ಮ ಒ, ಎ ಇರುವಲ್ಲಿ ಅಲ್ಲಿ ಉ, ಇ, ಅದೂ ನಿಯಮವಾಗಿ. ಇಷ್ಟೂ ಆಕಸ್ಮಿಕ ಎನ್ನುವುದು ಕಷ್ಟ.

ಒಂದು ಎಚ್ಚರ: ಈ ಕೆಲಸಕ್ಕೆ ಮೊದಲು ಎರವಲು ಪದಗಳನ್ನು ಬೇರ್ಪಡಿಸಿ. ನಮ್ಮ ‘ದ’ ಯಾರನ್ನೂ ಕೇಳದೆ ‘ಪುಸ್ತಕದಲ್ಲಿ’ ಸೇರಿದೆ, ಈಗ ‘ಮೆಟ್ರೋದಲ್ಲಿ’ ಕೂಡ ಓಡಾಡುತ್ತಿದೆ.