ಪದ ಪರಿಚಯ: ಹೋಮೊಲೊಗೇಶನ್ ಸ್ಪೆಷಲ್

1987ರ ಫೋರ್ಡ್ ಸಿಯೆರಾ ಆರ್‌ಎಸ್500 ಕಾಸ್ವರ್ತ್‌ನ ಬಾನೆಟ್ ಎತ್ತಿ ನೋಡಿದರೆ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಎಂಟು ಇಂಜೆಕ್ಟರ್‌ಗಳಿವೆ. ಪೆಟ್ರೋಲ್ ಚಿಮ್ಮಿಸುವುದು ನಾಲ್ಕು ಮಾತ್ರ. ಎರಡನೇ ಸಾಲಿನ ನಾಲ್ಕು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮಾರಿದ ಕಾರಿನಲ್ಲಿ ಆ ಸಾಲು ಇದ್ದರೆ ತಾನೇ ರೇಸ್ ಕಾರಿನಲ್ಲಿ ಅದನ್ನು ಬಳಸಲು ಅನುಮತಿ? ಅದಕ್ಕೇ ಜೋಡಿಸಿ, ಸಂಪರ್ಕ ಕೊಡದೆ ಬಿಟ್ಟರು. ಹೀಗೆ ರೇಸಿನ ನಿಯಮ ಪೂರೈಸಲೆಂದೇ ತಯಾರಿಸಿ ರಸ್ತೆಗೆ ಬಿಟ್ಟ ಕಾರಿಗೆ ಹೋಮೊಲೊಗೇಶನ್ ಸ್ಪೆಷಲ್ ಎನ್ನುತ್ತಾರೆ.

ಪದದ ಮೂಲ ಗ್ರೀಕ್. 'ಹೋಮೊ' ಎಂದರೆ ಅದೇ, 'ಲೋಗೊಸ್' ಎಂದರೆ ಮಾತು. ಎರಡೂ ಸೇರಿ ಒಪ್ಪಿಗೆ ಎಂಬರ್ಥ. ಯಾವುದೇ ಮಾದರಿ ಮಾರಾಟಕ್ಕೆ ಬರುವ ಮೊದಲು ಸುರಕ್ಷತೆ, ಹೊಗೆ ಇತ್ಯಾದಿಗಳಿಗೆ ಸರ್ಕಾರ ಕೊಡುವ ಮಂಜೂರಾತಿಯೂ ಹೋಮೊಲೊಗೇಶನ್ನೇ. ಕಾರು ಪ್ರಿಯರು ಈ ಪದ ಬಳಸುವಾಗ ಬಹುಪಾಲು ಹೇಳುವುದು ರೇಸಿನ ಮಂಜೂರಾತಿಯ ಬಗ್ಗೆ. ಫೆರಾರಿಯ 'ಜಿಟಿಒ'ದಲ್ಲಿರುವ 'ಒ' ಕೂಡ ಇದೇ: ಗ್ರಾನ್ ಟುರಿಸ್ಮೊ ಒಮೊಲೊಗಾಟೊ. 1964ರಲ್ಲಿ ಪಾಂಟಿಯಾಕ್ ಅದೇ ಮೂರಕ್ಷರವನ್ನು ಎರವಲು ಪಡೆಯಿತು, ಆದರೆ ಆ ಕಾರಿಗೆ ಅಂಥ ಮಂಜೂರಾತಿಯೇ ಇರಲಿಲ್ಲ. ಹೆಸರು ಹಚ್ಚಿ ಮಾರುವ ಚಾಳಿ ಇವತ್ತಿನದಲ್ಲ.

ನಿಯಮದ ತಿರುಳು ಸಂಖ್ಯೆ. 1982ರಿಂದ ಜಾರಿಗೆ ಬಂದ ಗ್ರೂಪ್ ಬಿ ಎಂಬ ರೇಸ್ ವಿಭಾಗಕ್ಕೆ 12 ತಿಂಗಳಲ್ಲಿ 200 ಕಾರು ಸಾಕಿತ್ತು. ಇನ್ನೊಂದು ವಿಭಾಗವಾದ ಗ್ರೂಪ್ ಎಗೆ 5000 ಬೇಕಿತ್ತು, 1993ರಿಂದ ಅದು 2500ಕ್ಕೆ ಇಳಿಯಿತು. ಈಗಾಗಲೇ ಮಂಜೂರಾದ ಗ್ರೂಪ್ ಎ ಕಾರನ್ನು ಇನ್ನಷ್ಟು ಹರಿತ ಮಾಡಬೇಕೆಂದರೆ ಹೆಚ್ಚುವರಿ 500 'ಎವಲ್ಯೂಶನ್' ಕಾರು ಮಾಡಬೇಕು. ಆರ್‌ಎಸ್500ರ ಹೆಸರಿನಲ್ಲಿರುವ 500 ಅಶ್ವಶಕ್ತಿಯಲ್ಲ, ಈ ಲೆಕ್ಕ. 200 ಮತ್ತು 5000ದ ನಡುವಿನ ಅಂತರವೇ ಕಾರಿನ ಸ್ವಭಾವ ನಿರ್ಧರಿಸಿತು. 5000 ಮಾರಬೇಕೆಂದರೆ ಮಾಮೂಲಿ ಗಿರಾಕಿಯನ್ನೂ ಒಪ್ಪಿಸಬೇಕು, ಹಾಗಾಗಿ ಬಿಎಂಡಬ್ಲ್ಯೂ ಇ30 ಎಂ3ಯಲ್ಲಿ ಹಿಂದಿನ ಗಾಜಿನ ಕೋನ ಬದಲಾಗಿ ಡಿಕ್ಕಿಯ ಮುಚ್ಚಳ ಎತ್ತರವಾದರೂ ಅದು ದಿನಬಳಕೆಯ ಕಾರಾಗಿಯೇ ಉಳಿಯಿತು. 200 ಸಾಕು ಎಂದಾಗ ಪೆಜೊ 205 ಟಿ16 ಹುಟ್ಟಿತು: ನೋಡಲು ಸಣ್ಣ ಹ್ಯಾಚ್‌ಬ್ಯಾಕ್, ಎಂಜಿನ್ ಮಾತ್ರ ಸೀಟಿನ ಹಿಂದೆ.

ಸ್ಪೆಕ್ ಶೀಟಿನಲ್ಲಿ ಎಂಜಿನ್ ಗಾತ್ರ ವಿಚಿತ್ರವಾಗಿದ್ದರೆ ಕ್ಯಾಲ್ಕುಲೇಟರ್ ತೆಗೆಯಿರಿ. ಗ್ರೂಪ್ ಬಿಯಲ್ಲಿ ಟರ್ಬೊ ಅಥವಾ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇದ್ದ ಎಂಜಿನ್ನಿನ ಸಿಸಿಯನ್ನು 1.4ರಿಂದ ಗುಣಿಸಿ ವರ್ಗ ನಿಗದಿ ಮಾಡುತ್ತಿದ್ದರು. ವರ್ಗ ಚಿಕ್ಕದಾದಷ್ಟು ಕನಿಷ್ಠ ತೂಕವೂ ಕಡಿಮೆ. ಫೆರಾರಿ 288 ಜಿಟಿಒ 2855 ಸಿಸಿ, ಗುಣಿಸಿದರೆ 3997. ಪೋರ್ಶೆ 959 2849 ಸಿಸಿ, ಗುಣಿಸಿದರೆ 3989. ಎರಡೂ 4000ದ ಗೆರೆಯ ಅಂಚಿನಲ್ಲಿ ನಿಂತಿವೆ. ಪೆಜೊದ 1775 ಸಿಸಿ 2485 ಆಗುತ್ತದೆ, ಲಾನ್ಸಿಯಾ ಡೆಲ್ಟಾ ಎಸ್4ರ 1759 ಸಿಸಿ 2463. ಅಲ್ಲಿ ಗೆರೆ 2500. ಗ್ರೂಪ್ ಎಯಲ್ಲಿ ಈ ಗುಣಕ ಮುಂದೆ 1.7 ಆಯಿತು. ನಿಸ್ಸಾನ್ ಸ್ಕೈಲೈನ್ ಆರ್32 ಜಿಟಿ-ಆರ್‌ನ 2568 ಸಿಸಿಗೆ 1.7 ಹಾಕಿ, 4366 ಬರುತ್ತದೆ. 4500ರ ವರ್ಗ ಅದರ ಗುರಿಯಾಗಿತ್ತು. ಮಾರ್ಕೆಟಿಂಗ್‌ನವರು ಅಂಕಿ ಆರಿಸಿದ್ದರೆ ದುಂಡಗೆ ಇರುತ್ತಿತ್ತು.

ಇಂಥ ಕಾರು ರಸ್ತೆಯಲ್ಲಿ ಅದ್ಭುತವಾಗಿರಬೇಕು ಎಂಬ ನಂಬಿಕೆ ಅರ್ಧ ಸತ್ಯ. ಆರ್‌ಎಸ್500ಕ್ಕೆ ದಪ್ಪ ಗೋಡೆಯ ಬ್ಲಾಕ್, ದೊಡ್ಡ ಟರ್ಬೊ, ದೊಡ್ಡ ಇಂಟರ್‌ಕೂಲರ್ ಎಲ್ಲ ಬಂದರೂ ರಸ್ತೆ ಕಾರಿನ ಶಕ್ತಿ ಸಾದಾ ಸಿಯೆರಾ ಕಾಸ್ವರ್ತ್‌ನ 204ರಿಂದ 224 ಅಶ್ವಶಕ್ತಿಗೆ ಏರಿತು, ಅಷ್ಟೇ. ಟ್ರ್ಯಾಕಿನಲ್ಲಿ ಅದೇ ಎಂಜಿನ್ 500 ದಾಟುತ್ತಿತ್ತು. ದೊಡ್ಡ ಟರ್ಬೊ ತಿರುಗಿ ಒತ್ತಡ ಕಟ್ಟಲು ಎಂಜಿನ್ ಉಗುಳುವ ಹೊಗೆಯ ರಭಸ ಹೆಚ್ಚು ಬೇಕು. ಹಾಗಾಗಿ ಕಡಿಮೆ ಆರ್‌ಪಿಎಂನಲ್ಲಿ ಅದು ಸಾದಾ ಕಾಸ್ವರ್ತ್‌ಗಿಂತ ಮಂಕು. ಸಿಟಿ ಟ್ರಾಫಿಕ್ಕಿನಲ್ಲಿ ಈ ಕಾರು ಓಡಿಸುವವರಿಗೆ ಸಿಗುವುದು ಕಾಯುವ ಕೆಲಸ.

ಬೆಲೆಯ ಕಥೆ ಇನ್ನೂ ಸ್ವಾರಸ್ಯ. ಹೊಸ ಅಚ್ಚು, ಹೊಸ ಎರಕ, ಪರೀಕ್ಷೆ ಎಲ್ಲದರ ಖರ್ಚನ್ನು ಕೆಲವೇ ನೂರು ಕಾರುಗಳ ಮೇಲೆ ಹಂಚಬೇಕು. ಕಂಪನಿಗೆ ಬೇಕಿದ್ದದ್ದು ಮಂಜೂರಾತಿ ಪತ್ರ, ಗಿರಾಕಿ ನೆಪ ಮಾತ್ರ. ಅಮೆರಿಕದ ನಾಸ್ಕಾರ್ ರೇಸಿಗೆಂದು 1970ರಲ್ಲಿ ಬಂದ ಪ್ಲಿಮತ್ ಸೂಪರ್‌ಬರ್ಡ್ ನೋಡಿ. ಹಿಂದಿನ ವರ್ಷ 500 ಸಾಕಿತ್ತು, ಆ ವರ್ಷ ಇಬ್ಬರು ಡೀಲರ್‌ಗಳಿಗೆ ಒಂದರಂತೆ ಕಾರು ತಯಾರಾಗಬೇಕೆಂದು ನಿಯಮ ಬದಲಾಯಿತು. ಚೂಪು ಮೂತಿ, ಆಳೆತ್ತರದ ರೆಕ್ಕೆಯ ಆ ಕಾರನ್ನು ಕೊಳ್ಳುವವರಿಲ್ಲದೆ, ಕೆಲವು ಡೀಲರ್‌ಗಳು ಮೂತಿ, ರೆಕ್ಕೆ ಕಿತ್ತು ಅದರ ಮೂಲ ಮಾದರಿಯಾದ ಸಾದಾ ರೋಡ್ ರನ್ನರ್ ಮಾಡಿ ಮಾರಿದರು. ಈಗ ಅದೇ ಮೂತಿ, ರೆಕ್ಕೆ ಅಸಲಿಯಾಗಿರುವ ಕಾರಿಗೆ ಹರಾಜಿನಲ್ಲಿ ಪೈಪೋಟಿ.

ಇಂದು ಪ್ರತಿ ಕಂಪನಿಯೂ ಸ್ಟಿಕರ್, ನಂಬರ್ ಹಾಕಿದ ಫಲಕ ಹಚ್ಚಿ 'ಲಿಮಿಟೆಡ್ ಎಡಿಶನ್' ಬಿಡುತ್ತದೆ. ಅದು ಹೋಮೊಲೊಗೇಶನ್ ಸ್ಪೆಷಲ್ ಅಲ್ಲ. ಯಾವ ವರ್ಗ, ಯಾವ ವರ್ಷದ ನಿಯಮ, ಕನಿಷ್ಠ ಎಷ್ಟು ಕಾರು ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅದು ಬರೀ ದುಬಾರಿ ಕಾರು. ಹಳೆಯದನ್ನು ಕೊಳ್ಳುವುದಾದರೆ ವಿಶ್ವ ಮೋಟಾರು ರೇಸ್ ಸಂಸ್ಥೆಯಾದ ಎಫ್‌ಐಎಯ ಹೋಮೊಲೊಗೇಶನ್ ಪತ್ರ ಪಕ್ಕದಲ್ಲಿಟ್ಟುಕೊಂಡು ಕಾರು ನೋಡಿ. ಅಳತೆ, ಭಾಗಗಳ ಫೋಟೊ ಅದರಲ್ಲಿರುತ್ತವೆ. ಬಂಪರ್, ಸ್ಪಾಯ್ಲರ್ ಯಾರು ಬೇಕಾದರೂ ಬೋಲ್ಟ್ ಹಾಕಿ ಕೂರಿಸಬಹುದು. ಸಾದಾ ಮೂರು ಬಾಗಿಲಿನ ಸಿಯೆರಾ ಕಾಸ್ವರ್ತ್‌ನ ಎಂಜಿನ್ ನಂಬರ್ ವೈಬಿಬಿ ಎಂದು ಶುರುವಾಗುತ್ತದೆ, ಆರ್‌ಎಸ್500ರದ್ದು ವೈಬಿಡಿ. ಎರಡನೇ ಸಾಲಿನ ಇಂಜೆಕ್ಟರ್ ಎಣಿಸುವ ಮೊದಲು ಬ್ಲಾಕಿನ ಮೇಲೆ ಟಾರ್ಚ್ ಹಾಕಿ ಅದನ್ನು ಓದಿಕೊಳ್ಳಿ.